ಕೊನೆಯ ಸಲ ಚೆನ್ನಾಗಿದ್ದದ್ದು

ಟ್ರಾಲಿಯ ಒಂದು ಚಕ್ರ ಕುಂಟುತ್ತದೆ, ಟಕಟ ಟಕಟಕ, ಟಕಟ ಟಕಟಕ, ಮೂರು ಮಾತ್ರೆ ನಾಲ್ಕು ಮಾತ್ರೆ, ಅಮ್ಮ ಪದ್ಯ ಹೇಳುತ್ತಿದ್ದ ನಡೆಯೇ ಇದು — ಈ ಕಟ್ಟಡದಲ್ಲಿ ಮಾತ್ರೆ ಅಂದರೆ ನೀರಿನ ಜೊತೆ ನುಂಗುವುದು, ನಗು ಬರುತ್ತದೆ, ನಗಬಾರದು, ಟ್ರಾಲಿಯ ಮೇಲೆ ಒಬ್ಬ ಹೆಂಗಸು, ಬಾಯಿ ಒಂದು ಕಡೆಗೆ ಜಾರಿದೆ, ಬಲಗೈ ಜೋತುಬಿದ್ದಿದೆ, ಹಿಂದೆ ಗಂಡ, ಒಂದೇ ಕಾಲಲ್ಲಿ ಚಪ್ಪಲಿ. ಬಂದ್ಲು ನೋಡಿ ನಮ್ಮ ಗಣತಿಯಮ್ಮ, ಅನ್ನುತ್ತಾಳೆ ನರ್ಸಕ್ಕ, ದಾರಿ ಬಿಡೇ ತಾಯಿ, ಎಣಿಸೋದು ಆಮೇಲೆ. ಬಿಡುವುದಿಲ್ಲ, ತುರ್ತು ವಾರ್ಡಿನ ಬಾಗಿಲಲ್ಲಿ ನಿಂತು ಬಂದವರ ವಿವರ ತುಂಬುವುದೇ ನನ್ನ ಕೆಲಸ, ಎಲ್ಲಿಂದ, ಯಾವ ಗಾಡಿಯಲ್ಲಿ, ಮತ್ತೆ ಆ ಒಂದು ಪ್ರಶ್ನೆ — ಇವರು ಕೊನೆಯ ಸಲ ಚೆನ್ನಾಗಿದ್ದದ್ದನ್ನು ಯಾವಾಗ ನೋಡಿದಿರಿ. ಲಕ್ವ ಹೊಡೆದವರ ತಲೆಯಲ್ಲಿ ಕಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಫ್ರಿಜ್ಜಿನಲ್ಲಿದೆ, ಹೊತ್ತು ಮೀರಿದ್ದರೆ ಕೊಡುವ ಹಾಗಿಲ್ಲ, ಹೊತ್ತೇ ಗೊತ್ತಿಲ್ಲದಿದ್ದರೂ ಕೊಡುವ ಹಾಗಿಲ್ಲ, ಗೊತ್ತಿಲ್ಲ ಅಂದೋರು ಎಷ್ಟು ಜನ ಅಂತ ಬರೆದಿಟ್ರೆ ತಾನೇ ಊರೂರಿಗೆ ಹೋಗಿ ಹೊತ್ತು ನೋಡಿಟ್ಕೊಳ್ಳಿ ಅಂತ ಹೇಳೋಕಾಗೋದು, ಅನ್ನುತ್ತಾರೆ ಡಾಕ್ಟರು, ಔಷಧಿ ಇಟ್ಕೊಂಡು ಕೂತ್ರೆ ಸಾಲದಮ್ಮ. ಅಣ್ಣಾ, ಯಾವಾಗ ಚೆನ್ನಾಗಿದ್ರು. ಯಾವಾಗ್ಲೂ ಚೆನ್ನಾಗೇ ಇದ್ಲಮ್ಮ, ಅನ್ನುತ್ತಾನೆ, ಎಲ್ಲರೂ ಹೀಗೇ, ಕೇಳಿದ್ದು ಹೊತ್ತು, ಕೊಡುವುದು ಇಡೀ ಸಂಸಾರ.

ಅಮ್ಮನನ್ನು ಇದೇ ಬಾಗಿಲಿಗೆ ಕರೆತಂದ ದಿನ ಯಾರೂ ಕೇಳಲಿಲ್ಲ, ಆಗ ಇಲ್ಲಿ ಪ್ರಶ್ನೆಯೂ ಇರಲಿಲ್ಲ, ಇಂಜೆಕ್ಷನ್ನೂ ಇರಲಿಲ್ಲ, ಉತ್ತರ ಮಾತ್ರ ನನ್ನ ಹತ್ತಿರ ಇತ್ತು, ಒದ್ದೆ ಬೆಡ್‌ಶೀಟಿನ ಆಚೆ ಅಮ್ಮ, ಈಚೆ ಕ್ಲಿಪ್ಪು ಹಿಡಿದು ನಾನು, ಮುಖ ಕಾಣದು, ಹಗ್ಗದ ಮೇಲೆ ಅವಳ ನಾಲ್ಕು ಬೆರಳು, ಆಚೆಯಿಂದ ಪದ್ಯ, ಆರು ಸಾಲಿನದು, ಮೂರನೆಯ ಸಾಲನ್ನು ಉದ್ದಕ್ಕೆ ಎಳೆದು ಉಸಿರು ತೆಗೆದುಕೊಳ್ಳುತ್ತಾಳೆ, ಆ ಉಸಿರಿಗೆ ನಾನು ಕಾಯುತ್ತೇನೆ, ಚಿಕ್ಕಂದಿನಿಂದಲೂ, ದೇವರು ಆ ಸಂದಿನಲ್ಲೇ ಕೂತಿದ್ದಾನೆ ಅಂದುಕೊಂಡು, ಅವತ್ತು ಉಸಿರು ಮುಗಿಯಿತು, ಸಾಲು ಬರಲಿಲ್ಲ —

ಅಣ್ಣಾ, ಕೊನೆಗೆ ಏನಂದ್ರು. ಏನಂತಾಳೆ, ಬೈದ್ಲು, ಗೂಬೆ, ಬಾಗಿಲು ಹಾಕೋ, ಬೆಕ್ಕು ಬರತ್ತೆ ಅಂತ, ದಿನಾ ಬೈತಾಳೆ. ಬೈವಾಗ ಟೀವಿಯೋ ರೇಡಿಯೋನೋ ಏನಾದ್ರೂ ಕೇಳಿಸ್ತಿತ್ತಾ. ರೇಡಿಯೋ ಇತ್ತು, ಹಾಡು ಮುಗಿದು ವಾರ್ತೆ ಶುರುವಾಯ್ತು, ನಾನು ಚಪ್ಪಲಿ ಹುಡುಕ್ತಿದ್ದೆ, ತಿರುಗಿ ನೋಡಿದ್ರೆ ಹಿಂಗೆ. ವಾರ್ತೆ, ಬೆಳಗಿನ ವಾರ್ತೆ, ಡಾಕ್ಟ್ರೇ ಇನ್ನೂ ಹೊತ್ತಿದೆ, ಹೊತ್ತಿದೆ ಡಾಕ್ಟ್ರೇ, ನನ್ನ ದನಿ ಇಷ್ಟು ಎತ್ತರಕ್ಕೆ ಹೋಗುತ್ತದೆಂದು ನನಗೇ ಗೊತ್ತಿರಲಿಲ್ಲ, ಸ್ಕ್ಯಾನಿಗೆ ತಳ್ಳಿಕೊಂಡು ಓಡುತ್ತಾರೆ, ಟಕಟ ಟಕಟಕ, ಗಂಡ ಗೋಡೆಗೆ ಒರಗುತ್ತಾನೆ, ಬರಿಗಾಲನ್ನು ಚಪ್ಪಲಿಯ ಕಾಲಿನ ಮೇಲೆ ಇಟ್ಟುಕೊಂಡು, ಇವಳು ಇನ್ನು ಬೈತಾಳಾ ಅಮ್ಮ, ಅನ್ನುತ್ತಾನೆ, ನಾನು ಕೇಳುವವಳು, ಹೇಳುವವಳಲ್ಲ. ನನ್ನಮ್ಮ ಈಗ ಮನೆಯಲ್ಲಿ ಕಿಟಕಿಯ ಪಕ್ಕ ಕೂತಿರುತ್ತಾಳೆ, ಅನ್ನ ಉಣ್ಣುತ್ತಾಳೆ, ಎಡಗೈಯಲ್ಲಿ ನನ್ನ ಜಡೆ ನೇವರಿಸುತ್ತಾಳೆ, ಮಾತಿಲ್ಲ, ದಿನವೂ ಸಂಜೆ ಮೂರು ಸಾಲು ಹೇಳಿ ನಿಲ್ಲಿಸುತ್ತೇನೆ, ತುಟಿ ಅಲುಗುತ್ತದೆ, ಅಷ್ಟೇ, ನಾಲ್ಕನೇದು ನಿಂಗೂ ಬಾಯಿಪಾಠ ಅಲ್ವೇನೇ, ಹೇಳಿ ಮುಗಿಸಬಾರದಾ ಅತ್ಲಾಗೆ, ಅನ್ನುತ್ತಾಳೆ ಅತ್ತಿಗೆ, ಹೇಳುವುದಿಲ್ಲ, ಅದು ಅಮ್ಮನ ಸಾಲು, ಅವಳ ದನಿಯಲ್ಲೇ ಬೇಕು.

ಇಂಜೆಕ್ಷನ್ ಕೊಟ್ಟಾಗಿದೆ, ಬಿಸಿಲು ಕಾರಿಡಾರಿನ ಈ ತುದಿಗೆ ಬರುವ ಹೊತ್ತಿಗೆ ನರ್ಸಕ್ಕನ ನಗು, ಬಾರೇ, ಬೇಗ ಬಾರೇ, ಮಂಚದ ಮೇಲಿನ ಬಾಯಿ ಇನ್ನೂ ಸೊಟ್ಟಗಿದೆ, ಗಂಡ ಬಗ್ಗಿದ್ದಾನೆ, ಗೂ, ಅನ್ನುತ್ತಾಳೆ ಆಕೆ, ಗೂ — ಬೆ, ಚಪ್ಪ — ಲಿ ಎಲ್ಲೋ, ಬೈದ್ಲು, ಬೈದ್ಲು, ಅವನು ಅಳುತ್ತಾ ಕುಣಿಯುತ್ತಾನೆ, ಬರ್ಕೊಳ್ಳೇ ಗಣತಿಯಮ್ಮ, ಬಂದ ಮೊದಲನೇ ಮಾತೇ ಮಂಗಳಾರತಿ. ಮಾತು ಮರಳಿದೆ ಎಂಬಲ್ಲಿ ಗುರುತು ಹಾಕಬೇಕು, ಹಾಕುತ್ತೇನೆ, ಅದರ ಮೇಲೇ ಇನ್ನೊಮ್ಮೆ ಹಾಕುತ್ತೇನೆ, ಹೊಟ್ಟೆಕಿಚ್ಚಲ್ಲ ದೇವರೇ, ನಿನಗೆ ಗೊತ್ತು, ಕಿವಿ ತೆರೆದಿಟ್ಟು ಅಭ್ಯಾಸ, ಮುಚ್ಚಲು ಬಾರದು, ಇವತ್ತು ಸಂಜೆಯೂ ಮೂರು ಸಾಲು ಹೇಳಿ ನಿಲ್ಲಿಸುತ್ತೇನೆ, ಒಂದು ಉಸಿರು, ಇನ್ನೊಂದು ಉಸಿರು, ಬೆಡ್‌ಶೀಟಿನ ಈ ತುದಿಗೆ ಕ್ಲಿಪ್ಪು ಹಾಕಿಯಾಗಿದೆ, ಆ ತುದಿ ಅಮ್ಮನ ಕೈಯಲ್ಲಿದೆ, ನೀರು ತೊಟ್ಟಿಕ್ಕುತ್ತಿದೆ, ಹಗ್ಗದ ಮೇಲೆ ನಾಲ್ಕು ಬೆರಳು, ಇನ್ನೂ ಹಗ್ಗದ ಮೇಲೇ, ನಾಲ್ಕು ಬೆರಳು