ಹದಿನಾಲ್ಕು ಜೊತೆ ಬೂಟು

"ಹಾಕ್ಕೊಳ್ಳೇ ಮುಂಡೆ! ನಾನೇ ಬಂದು ತೊಡಿಸ್ಬೇಕಾ ನಿಂಗೆ?"

ಸೂಪರ್‌ವೈಜರ್ ರಬ್ಬರ್ ಬೂಟುಗಳನ್ನು ಎಸೆದ ರಭಸಕ್ಕೆ ಸುಣ್ಣದ ನೀರು ಗಿಡ್ಡಿಯ ಮುಖಕ್ಕೆ ಸಿಡಿಯಿತು. ಚರ್ಮ ಹದ ಮಾಡುವ ಆ ಕಾರ್ಖಾನೆಯಲ್ಲಿ, ಕೂದಲು ಕಳಚಲೆಂದು ತೊಗಲು ನೆನೆಹಾಕುವ ಸುಣ್ಣದ ತೊಟ್ಟಿಗಳನ್ನು ಏಳು ವರ್ಷದಿಂದ ಬರಿಗಾಲಲ್ಲಿ ತುಳಿದವಳು ಅವಳು. ಎತ್ತರ ಕಡಿಮೆಯೆಂದು ಎಲ್ಲರ ಬಾಯಲ್ಲೂ ಗಿಡ್ಡಿ. ಬೂಟು ತೊಟ್ಟರೆ ಮಂಡಿ ದಾಟಿ ತೊಡೆಗೇ ಬಂತು.

"ಅತ್ತಿಗೆ, ಬೂಟೇ ನಿನ್ನ ಹಾಕ್ಕೊಂಡಂಗಿದೆ," ಪಕ್ಕದ ತೊಟ್ಟಿಯಿಂದ ನಾದಿನಿ ಕಿಸಕ್ಕನೆ ನಕ್ಕಳು.

"ಹಲ್ಲು ಮುಚ್ಚೇ!" ಸೂಪರ್‌ವೈಜರ್ ಗದರಿದ. "ಎಲ್ರೂ ಕೇಳಿಸ್ಕೊಳ್ಳಿ. ಹೆಡ್ಡಾಫೀಸಿಂದ ಆಡಿಟ್ ಸಾಹೇಬ್ರು ಬರ್ತಿದ್ದಾರೆ. ಆರು ತಿಂಗ್ಳಿಗೊಂದು ಜೊತೆ ಬೂಟು ಕೊಡ್ತಾರೆ ಅನ್ನಿ. ಬೇರೆ ಒಂದ್ ಮಾತಾಡಿದ್ರೂ ನಾಳೆಯಿಂದ ಗೇಟ್ ಹತ್ರ ಸುಳೀಬೇಡಿ."

"ಸಾಯಂಕಾಲ ವಾಪಸ್ ಕೊಡ್ಬೇಕಾ ಸಾರ್?" ಗಿಡ್ಡಿ ಕೇಳಿದಳು.

"ಮತ್ತೆ? ನಿಮ್ಮಪ್ಪನ ಮನೇದಾ? ಪ್ಯಾಕಿಂಗ್‌ನೋರು ಕಾಯ್ತಿರ್ತಾರೆ."

ಬೂಟಿನೊಳಗಿನ ಕಾವಿಗೆ ಹುಣ್ಣುಗಳು ಚುರುಗುಟ್ಟಿದವು. ಎಡಗಾಲಿನ ಕಿರುಬೆರಳ ಸಂದಿಯಲ್ಲಿ ಸುಣ್ಣ ತಿಂದು ತಿಂದು ಎಲುಬು ಇಣುಕುತ್ತಿತ್ತು. ಆದರೂ ಮೊದಲ ಸಲ ತೊಟ್ಟಿಯ ನೀರು ಕಾಲಿಗೆ ತಾಗಲಿಲ್ಲ. ಇಷ್ಟೇನಾ, ಇಷ್ಟಕ್ಕೇನಾ ಏಳು ವರ್ಷ, ಎಂದುಕೊಂಡಳು.

ಆಡಿಟರ್ ತೆಳ್ಳಗಿನವನು, ಮೆಲುಮಾತಿನವನು. ಉಳಿದ ಸಾಹೇಬರಂತೆ ಮೂಗಿಗೆ ಕರವಸ್ತ್ರ ಹಿಡಿಯಲಿಲ್ಲ. ಒಬ್ಬೊಬ್ಬರನ್ನೇ ತೊಟ್ಟಿಯಿಂದ ಮೇಲೆ ಕರೆದು ಬೂಟಿನ ಅಟ್ಟೆ ತಿರುಗಿಸಿ ನೋಡಿದ.

"ಇದು ಪ್ಯಾಕಿಂಗ್ ವಿಭಾಗದ ಗುರುತಲ್ವಾ?"

ಗಿಡ್ಡಿ ತಲೆಯೆತ್ತಿ ಅವನನ್ನು ನೋಡಿದಳು. ಸದ್ಯ, ಕಣ್ಣಿರುವವನೊಬ್ಬ ಬಂದ.

ಸೂಪರ್‌ವೈಜರ್ ಅಳುಕಲಿಲ್ಲ. "ಅದೇ ಸಾರ್ ನಮ್ಮ ಗೋಳು. ಕೊಟ್ಟಿದ್ದನ್ನೆಲ್ಲ ಈ ದರಿದ್ರ ಮುಂಡೇವು ಮಾರ್ಕೊಂಡು ತಿಂತಾವೆ. ನಿಮ್ಮೆದುರು ಮಾನ ಹೋಗಬಾರ್ದಲ್ಲ, ಅಲ್ಲಿಂದ ತರಿಸ್ದೆ. ದಾಖಲೆ ನೋಡಿ."

ಮೊಳಕಾಲೆತ್ತರದ ತೊಗಲಿನ ಅಟ್ಟಿಯ ಮೇಲೆ ರಿಜಿಸ್ಟರ್ ಬಿಚ್ಚಿಕೊಂಡಿತು. ಪುಟ ತುಂಬ ನೀಲಿ ಹೆಬ್ಬೆಟ್ಟುಗಳು.

"ಇದು ನಿಮ್ಮ ಹೆಬ್ಬೆಟ್ಟೇನಮ್ಮಾ?" ಆಡಿಟರ್ ಗಿಡ್ಡಿಯನ್ನು ಕೇಳಿದ.

"ನಂದೇ ಸಾರ್. ಹಾಜರಿಗೆ ಅಂತ ಒತ್ತಿಸ್ಕೊಂಡ್ರು."

"ಇಲ್ಲಿ ಬೂಟು ಅಂತಿದೆ. ಏಳು ವರ್ಷಕ್ಕೆ ಹದಿನಾಲ್ಕು ಜೊತೆ."

"ನಂಗೆ ಓದೋಕ್ ಬರಲ್ಲ."

"ಅರ್ಥ ಆಗುತ್ತಮ್ಮಾ. ಆದ್ರೆ ಕಾಗದದಲ್ಲಿ ಇರೋದನ್ನೇ ನಾನು ಬರೀಬೇಕು."

ಬರೆದ. ಬರೆದದ್ದನ್ನು ಮೆಲುದನಿಯಲ್ಲೇ ಓದಿದ: ಕೊಟ್ಟ ಸಾಮಗ್ರಿಯನ್ನು ಕಾರ್ಮಿಕರು ಮಾರಿಕೊಂಡಿದ್ದಾರೆ, ಅದರ ಬೆಲೆಯನ್ನು ಕೂಲಿಯಲ್ಲಿ ಹಿಡಿದುಕೊಳ್ಳತಕ್ಕದ್ದು. ಸೂಪರ್‌ವೈಜರ್ ತುಟಿ ಬಿಚ್ಚದೆ ನಕ್ಕ.

"ಅತ್ತಿಗೆ, ಏನೂ ಅನ್ಬೇಡ. ಕೈ ಮುಗಿದ್ಬಿಡು," ನಾದಿನಿ ಪಿಸುಗುಟ್ಟಿದಳು.

ಗಿಡ್ಡಿ ತೊಟ್ಟಿಯ ಕಟ್ಟೆಯ ಮೇಲೆ ಕುಕ್ಕರಿಸಿ ಎಡಗಾಲಿನ ಬೂಟು ಜಗ್ಗಿದಳು. ಅಂಟಿಕೊಂಡಿದ್ದ ಹುಣ್ಣಿನ ಸಿಪ್ಪೆಯೂ ಅದರ ಜೊತೆಗೇ ಬಂತು. ಎದ್ದು ಆ ಕಾಲನ್ನು ನೇರ ರಿಜಿಸ್ಟರಿನ ಮೇಲೆ ಊರಿದಳು. ನೆತ್ತರೂ ಸುಣ್ಣವೂ ಕಲೆತು ಹೆಬ್ಬೆಟ್ಟುಗಳ ಮೇಲೆ ಹರಡಿದವು.

"ಹೆಬ್ಬೆಟ್ಟು ನಂಬಿದ್ರಲ್ಲ ಸಾರ್, ಇದನ್ನೂ ನಂಬಿ. ಹದಿನಾಲ್ಕು ಜೊತೆ ಬೂಟು ಹಾಕಿದ ಕಾಲು ಹಿಂಗಿರುತ್ತಾ? ಬರ್ಕೊಳ್ಳಿ ಇದನ್ನ!"

"ತೆಗ್ಯೇ ಕಾಲು, ನಿನ್ನ..." ಸೂಪರ್‌ವೈಜರ್ ಅವಳ ತುರುಬಿಗೆ ಕೈಹಾಕಿ ಹಿಂದಕ್ಕೆ ಎಳೆದ. ಅವಳ ಕತ್ತು ಬಿಲ್ಲಿನಂತೆ ಬಾಗಿತು. ಹಿಮ್ಮಡಿ ಇನ್ನಷ್ಟು ಬಿಗಿಯಾಗಿ ಒತ್ತಿತು.

ಆಡಿಟರ್ ಆ ಕಾಲನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಸೂಪರ್‌ವೈಜರನ ಕಡೆ ತಿರುಗಿದ.

"ಈ ರಿಜಿಸ್ಟರಿಂದು ಕಲೆಯಿಲ್ಲದ ಇನ್ನೊಂದು ಪ್ರತಿ ಇದೆಯಾ?"