ಕಾಲರಿನೊಳಗಿನ ಮೊನೆ

ಹೊಲಿಗೆ ಕಾರ್ಖಾನೆಯ ಎರಡನೇ ಮಹಡಿಯಲ್ಲಿ, ಕಿಟಕಿಯಿಂದ ಮೂರನೇ ಮೇಜಿಗೆ ಕೂರುತ್ತಿದ್ದ ಹುಡುಗಿಯನ್ನು ಎಲ್ಲರೂ ಮೆಲ್ಲಿ ಅನ್ನುತ್ತಿದ್ದರು. ಮೆಲ್ಲಗೆ ಮಾತಾಡುತ್ತಾಳೆ ಅಂತ ಇಟ್ಟ ಹೆಸರು. ಅವಳು ಬಾಯಿ ಬಿಡುವುದೇ ಅಪರೂಪ. ಬಿಟ್ಟರೂ ಪಕ್ಕದವರು ಯಂತ್ರ ನಿಲ್ಲಿಸಿ, ಕಿವಿ ಹತ್ತಿರ ತಂದು, ಏನಂದೆ ಅಂತ ಎರಡೆರಡು ಸಲ ಕೇಳಬೇಕಾಗುತ್ತಿತ್ತು. ಅದರ ಬದಲು ಸುಮ್ಮನಿರುವುದೇ ವಾಸಿ ಅಂತ ಅವಳು ಸುಮ್ಮನಿರುತ್ತಿದ್ದಳು.

ಅವಳ ಕೆಲಸ ಮಕ್ಕಳ ಅಂಗಿಯ ಕಾಲರ್ ತಿರುವುವುದು. ಎರಡು ಪದರ ಬಟ್ಟೆ ಒಳಮೊಗವಾಗಿ ಹೊಲಿಸಿಕೊಂಡು ಬರುತ್ತದೆ. ಮೂಲೆಯಲ್ಲಿ ಉಳಿದ ಬಟ್ಟೆಯನ್ನು ಸವರಿ, ಚೀಲ ಮಗುಚಿದ ಹಾಗೆ ಮಗುಚಿ, ಒಳಗಿನಿಂದ ಎರಡು ಮೂಲೆಗಳನ್ನೂ ಒತ್ತಿ ಚೂಪು ಮಾಡಿ ಮುಂದಿನ ಮೇಜಿಗೆ ಕೊಡಬೇಕು. ಒತ್ತುವುದಕ್ಕೆ ಕಾರ್ಖಾನೆಯವರು ಒಂದು ಬಿದಿರಿನ ಕಡ್ಡಿ ಕೊಟ್ಟಿದ್ದರು. ಅದರ ತುದಿ ಸವೆದು ಸವೆದು ಹೆಬ್ಬೆರಳಿನ ಹಾಗಾಗಿತ್ತು. ಸವರುವುದಕ್ಕೆ ಒಂದು ಪುಟ್ಟ ಕತ್ತರಿ, ಮೂರು ಮೇಜಿಗೆ ಸೇರಿ ಒಂದೇ, ಯಾರೂ ಒಯ್ಯಬಾರದೆಂದು ಮೇಜಿನ ಕಾಲಿಗೆ ದಾರ ಕಟ್ಟಿದ್ದರು. ಬೇಕಾದಾಗಲೆಲ್ಲ ಅಕ್ಕಾ ಕತ್ತರಿ ಅಂತ ಕೂಗಬೇಕು. ದಿನಕ್ಕೆ ನಾನೂರು ಕಾಲರ್. ನಾನೂರು ಸಲ ಕೂಗುವುದನ್ನು ನೆನೆಸಿಕೊಂಡರೇ ಮೆಲ್ಲಿಯ ಗಂಟಲು ಒಣಗುತ್ತಿತ್ತು.

ಅದಕ್ಕೇ ಆ ಚಾಕು. ಬಿಚ್ಚಿದರೆ ಅವಳ ಕಿರುಬೆರಳಿನಷ್ಟು ಉದ್ದ, ಮಡಚಿದರೆ ಅದರ ಅರ್ಧ. ಕೊಂಬಿನ ಹಿಡಿ, ಹಿತ್ತಾಳೆಯ ಒಂದು ಮೊಳೆ. ಅಮ್ಮ ಮನೆಯಲ್ಲೇ ಹೊಲಿಗೆ ಹಾಕುತ್ತಿದ್ದ ಕಾಲದಲ್ಲಿ ತಪ್ಪು ಹೊಲಿಗೆ ಬಿಚ್ಚುವುದಕ್ಕೆ ಇಟ್ಟುಕೊಂಡಿದ್ದು. ಕಣ್ಣು ಮಂಜಾಗಿ ಸೂಜಿಗೆ ದಾರ ಪೋಣಿಸುವುದು ಆಗದಾದ ಮೇಲೆ ಅದನ್ನು ಮಗಳ ಕೈಗಿಟ್ಟು, ಇಟ್ಕೊ, ಇನ್ನೊಬ್ಬರ ಮುಖ ನೋಡೋದಾದ್ರೂ ತಪ್ಪುತ್ತೆ ಅಂದಿದ್ದಳು. ಮೆಲ್ಲಿ ಏಪ್ರನ್ನಿನ ಒಳಗಡೆ ಒಂದು ಕಳ್ಳಜೇಬು ಹೊಲಿದುಕೊಂಡಳು. ಗೇಟಿನ ಕಾವಲಿನವಳು ಚೀಲ ನೋಡುತ್ತಿದ್ದಳು, ಊಟದ ಡಬ್ಬಿಯ ಮುಚ್ಚಳ ತೆಗೆಸುತ್ತಿದ್ದಳು, ಏಪ್ರನ್ ಮುಟ್ಟುತ್ತಿರಲಿಲ್ಲ.

ಹೊರಗಿನ ಅಲಗು ಒಳಗೆ ತರಬಾರದು ಅಂತ ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಯಾರಾದರೂ ಯಾರನ್ನಾದರೂ ಚುಚ್ಚಿಯಾರು ಅಂತಲ್ಲ. ಮಕ್ಕಳ ಬಟ್ಟೆಯೊಳಗೆ ಲೋಹದ ಚೂರು ಹೋಗಬಾರದು ಅಂತ. ಯಂತ್ರದ ಸೂಜಿ ಮುರಿದರೆ ತುಂಡುಗಳನ್ನೆಲ್ಲ ಆಯ್ದು, ಅಂಗೈಯಲ್ಲಿಟ್ಟುಕೊಂಡು ಸೂಜಿ ತಾತನ ಹತ್ತಿರ ಹೋಗಬೇಕು. ಮೂಲೆಯಲ್ಲಿ ಜಾಲರಿ ಹಾಕಿದ ಗೂಡಿನೊಳಗೆ ಕೂತಿರುವ ಆತ ತುಂಡುಗಳನ್ನು ಬಿಳಿ ಕಾಗದದ ಮೇಲೆ ಜೋಡಿಸಿ, ಪೂರ್ತಿ ಇದೆಯೇ ಅಂತ ನೋಡಿ, ಪುಸ್ತಕಕ್ಕೆ ಟೇಪು ಹಾಕಿ ಅಂಟಿಸಿ, ತಾರೀಕು ಬರೆದು ಸಹಿ ಹಾಕಿಸಿಕೊಂಡು ಹೊಸ ಸೂಜಿ ಕೊಡುತ್ತಾನೆ. ಒಂದು ಚೂರು ಕಮ್ಮಿಯಾದರೂ ಯಂತ್ರಗಳ ಸಾಲು ಪೂರ್ತಿ ನಿಲ್ಲುತ್ತದೆ, ಅಷ್ಟೂ ಬಟ್ಟೆಯ ಮೇಲೆ ಆಯಸ್ಕಾಂತ ಆಡಿಸಬೇಕಾಗುತ್ತದೆ. ಸೂಜಿ ಮುರಿದಿದ್ದಕ್ಕೆ ಯಾರೂ ಬೈಸಿಕೊಂಡಿದ್ದಿಲ್ಲ. ಮುಚ್ಚಿಟ್ಟಿದ್ದಕ್ಕೆ ಹೋದ ವರ್ಷ ಇಬ್ಬರು ಮನೆ ಸೇರಿದ್ದರು.

ಮೆಲ್ಲಿಯ ಕೆಲಸ ಖಾಯಂ ಆಗುವುದಕ್ಕೆ ಇನ್ನು ಹನ್ನೊಂದು ದಿನ ಉಳಿದಿತ್ತು. ತೊಂಬತ್ತು ದಿನ ಒಂದೂ ದೂರಿಲ್ಲದೆ ಕಳೆಯಬೇಕು. ಆ ದಿನಗಳ ಲೆಕ್ಕ ಬರೆದ ಚೀಟಿ, ಸಾಲು ನೋಡಿಕೊಳ್ಳುವ ಮೇಡಂ ಮೇಜಿನ ಡ್ರಾಯರಿನಲ್ಲಿತ್ತು.

ಅವತ್ತು ಬಂದ ಬಟ್ಟೆ ದಪ್ಪ. ಚಳಿಗಾಲಕ್ಕೆ ಹಾಕುವಂಥದ್ದು. ಬಿದಿರಿನ ಕಡ್ಡಿಗೆ ಅದರ ಮೂಲೆ ಜಗ್ಗುತ್ತಿರಲಿಲ್ಲ. ಮುಂದಿನ ಮೇಜಿನ ಕಾಲರ್ ಅಕ್ಕ, ಅಂಗಿಗೆ ಕಾಲರ್ ಕೂರಿಸುವವಳು, ಎರಡು ಸಲ ವಾಪಸ್ಸು ಎಸೆದಳು. ಇದೇನೇ ಮೂಲೆಯಾ, ಬೋಂಡಾನಾ ಅಂದಳು. ಆಮೇಲೆ ಮೆಲ್ಲಿ ಕಡ್ಡಿ ಬಿಟ್ಟು ಚಾಕುವಿನ ಮೊನೆಯಿಂದಲೇ ಒತ್ತತೊಡಗಿದಳು. ಮೂಲೆ ಸೊಗಸಾಗಿ ಬಂತು. ಬೆನ್ನು ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು, ಕೈ ಮಾತ್ರ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಊಟದ ಗಂಟೆಗೆ ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ಬೆರಳಿಗೆ ಟಿಕ್ ಅಂತ ಏನೋ ತಿಳಿಯಿತು. ಯಂತ್ರಗಳ ಗದ್ದಲದಲ್ಲಿ ಕಿವಿಗೆ ಕೇಳಿಸಲಿಲ್ಲ. ನೋಡಿದರೆ ಚಾಕುವಿಗೆ ಮೊನೆಯಿಲ್ಲ. ಎಳ್ಳಿನ ಕಾಳಿನಷ್ಟು ಹೋಗಿತ್ತು.

ಕೈಯಲ್ಲಿದ್ದ ಕಾಲರ್ ಮಗುಚಿ ಕೊಡವಿದಳು. ಇಲ್ಲ. ಮಡಿಲಲ್ಲಿ ಇಲ್ಲ, ನೆಲದಲ್ಲಿ ಇಲ್ಲ. ಹಾಗಾದರೆ ಟಿಕ್ ಅಂದಿದ್ದು ಈ ಕಾಲರಿನಲ್ಲೋ, ಇದಕ್ಕೆ ಹಿಂದಿನದರಲ್ಲೋ? ಮೊದಲೇ ಮುರಿದು, ಈಗ ತಿಳಿಯಿತೋ? ಅವಳು ಯೋಚಿಸುತ್ತಿರುವಾಗಲೇ ಕಾಲರ್ ಅಕ್ಕ ಕೈ ಚಾಚಿ ಕಟ್ಟನ್ನು ತನ್ನ ಕಡೆಗೆ ಎಳೆದುಕೊಂಡಳು.

ಊಟದ ಹೊತ್ತಿಗೆ ಎಲ್ಲರೂ ಎದ್ದು ಹೋದರು. ಮೆಲ್ಲಿ ಕಾಲರ್ ಅಕ್ಕನ ಮೇಜಿಗೆ ಹೋಗಿ ಒಂದೊಂದೇ ಮೂಲೆಯನ್ನು ಬೆರಳಿನಿಂದ ಹಿಸುಕಿ ನೋಡಿದಳು. ಹದಿನಾಲ್ಕು ಸಿಕ್ಕವು, ಯಾವುದರಲ್ಲೂ ಇರಲಿಲ್ಲ. ಮಿಕ್ಕವು ಆಗಲೇ ಅಂಗಿಗೆ ಕೂತು ಗುಂಡಿಯ ವಿಭಾಗಕ್ಕೆ ಹೋಗಿಯಾಗಿತ್ತು. ನೀರಿನ ಬಾಟಲಿ ಮರೆತು ವಾಪಸ್ಸು ಬಂದ ಕಾಲರ್ ಅಕ್ಕ ಇವಳನ್ನು ನೋಡಿ, ನನ್ನ ಜಾಗದ ಮೇಲೆ ಕಣ್ಣು ಬಿತ್ತಾ ಅಂತ ನಗೆಯಾಡಿದಳು. ಮೆಲ್ಲಿ ತಲೆಯಾಡಿಸಿದಳು. ಹೌದು ಅಂತಲೋ ಅಲ್ಲ ಅಂತಲೋ ಅವಳಿಗೇ ಗೊತ್ತಿರಲಿಲ್ಲ.

ಸಾಲಿನ ಕೊನೆಯಲ್ಲಿ ಲೋಹ ಪತ್ತೆ ಮಾಡುವ ಯಂತ್ರವೊಂದಿತ್ತು. ಆದರೆ ಈ ಅಂಗಿಗಳಿಗೆ ಹಾಕುತ್ತಿದ್ದದ್ದು ಒತ್ತು ಗುಂಡಿ, ಅದೂ ಲೋಹವೇ. ಯಂತ್ರ ಪ್ರತಿ ಅಂಗಿಗೂ ಕಿರುಚುತ್ತದೆ ಅಂತ ಅದನ್ನು ಬಂದ್ ಮಾಡಿ ಕೈಯಲ್ಲೇ ತಡವಿ ಕಳಿಸುತ್ತಿದ್ದುದನ್ನು ಮೆಲ್ಲಿ ನಾಲ್ಕು ದಿನದಿಂದ ನೋಡುತ್ತಿದ್ದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ಸುಮ್ಮನಿರುವುದು ಅವಳಿಗೆ ಕಷ್ಟದ ಕೆಲಸವೂ ಅಲ್ಲ. ಅವಳು ತನ್ನ ದವಡೆಯ ಕೆಳಗೆ, ಕಾಲರಿನ ಮೂಲೆ ಎಲ್ಲಿ ಬರುತ್ತದೋ ಅಲ್ಲಿ, ಬೆರಳಿಟ್ಟು ನೋಡಿಕೊಂಡಳು. ಚರ್ಮ ಮೆತ್ತಗಿತ್ತು. ಮಗುವಿನದು ಇನ್ನೂ ಮೆತ್ತಗಿರುತ್ತದೆ.

ಊಟ ಮುಗಿದು ಯಂತ್ರಗಳು ಶುರುವಾದ ಮೇಲೆ ಎದ್ದು ಜಾಲರಿಯ ಮುಂದೆ ನಿಂತಳು. ಎರಡು ಸಲ ತಾತ ಅಂದಳು, ಆತನಿಗೆ ಕೇಳಿಸಲಿಲ್ಲ. ಕೊನೆಗೆ ಕಿಂಡಿಯಲ್ಲಿ ಕೈ ತೂರಿಸಿ ಚಾಕುವನ್ನು ಅವನ ಪುಸ್ತಕದ ಮೇಲೆ ಇಟ್ಟಳು.

ತಾತ ಕನ್ನಡಕ ಏರಿಸಿ ಅದನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಅದನ್ನು ನೋಡಿದ.

"ಯಾವಾಗ ಮುರೀತು?"

"ಊಟಕ್ಕೆ ಮುಂಚೆ."

"ಊಟ ಮಾಡ್ಕೊಂಡು ಬಂದು ಹೇಳ್ತಿದೀಯಾ?"

"ನಾನು ಊಟ ಮಾಡಿಲ್ಲ, ತಾತ."

"ಅದನ್ನ ನಾನು ಕೇಳ್ಲಿಲ್ಲಮ್ಮ," ಅಂದು ಆತ ನಿಟ್ಟುಸಿರು ಬಿಟ್ಟು ಗಂಟೆ ಒತ್ತಿದ.

ಸಾಲು ನಿಂತಿತು. ನಲವತ್ತು ಯಂತ್ರಗಳು ಒಂದೇ ಸಲ ಸುಮ್ಮನಾದದ್ದನ್ನು ಮೆಲ್ಲಿ ಅದುವರೆಗೆ ಕೇಳಿಯೇ ಇರಲಿಲ್ಲ. ಮೇಡಂ ಬಂದರು. ಏನು, ಎಲ್ಲಿ, ಎಷ್ಟು ದಿನದಿಂದ, ಯಾವ ಜೇಬಿನಲ್ಲಿ ಅಂತ ಒಂದರ ಹಿಂದೆ ಒಂದು ಕೇಳಿದರು. ಮೆಲ್ಲಿ ಎಂದಿನಷ್ಟೇ ಮೆಲ್ಲಗೆ ಹೇಳಿದಳು. ಆದರೆ ಗದ್ದಲವಿಲ್ಲದ ಆ ಮಹಡಿಯಲ್ಲಿ ಅವಳ ಒಂದೊಂದು ಮಾತೂ ಕೊನೆಯ ಮೇಜಿನವರೆಗೆ ಹೋಯಿತು. ಇವಳಿಗೂ ದನಿ ಇದೆಯಲ್ಲ ಅಂತ ಯಾರೋ ಅಂದರು. ಯಾರೂ ನಗಲಿಲ್ಲ. ಸಾಲು ನಿಂತರೆ ಅಷ್ಟು ಹೊತ್ತನ್ನು ಸಂಜೆ ಎಲ್ಲರೂ ಕೂತು ತುಂಬಿಕೊಡಬೇಕು, ಅದು ಎಲ್ಲರಿಗೂ ಗೊತ್ತಿತ್ತು.

ಗುಂಡಿಯ ವಿಭಾಗದಿಂದ ಅಂಗಿಗಳನ್ನು ವಾಪಸ್ಸು ತರಿಸಿದರು. ಅಂದು ಬೆಳಗ್ಗೆಯಿಂದ ಮೆಲ್ಲಿಯ ಕೈ ದಾಟಿದ್ದ ಕಾಲರುಗಳು ನೂರ ತೊಂಬತ್ತು. ಎಲ್ಲವನ್ನೂ ಉದ್ದನೆಯ ಮೇಜಿನ ಮೇಲೆ ಸುರಿದು, ಇಬ್ಬಿಬ್ಬರಂತೆ ಕೂತು, ಮೂಲೆಮೂಲೆಗೂ ಆಯಸ್ಕಾಂತ ಹಿಡಿದರು. ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಮಗು ಶಾಲೆಯಿಂದ ಬಂದು ಬಾಗಿಲಲ್ಲಿ ಕಾಯುತ್ತಿರುತ್ತೆ ಅಂದಳು ಒಬ್ಬಳು. ಇನ್ನೊಬ್ಬಳು ಸಂಜೆಯ ಬಸ್ಸು ತಪ್ಪಿದರೆ ಮುಂದಿನದಕ್ಕೆ ಮುಕ್ಕಾಲು ಗಂಟೆ ಕಾಯಬೇಕು ಅಂದಳು. ಕಾಲರ್ ಅಕ್ಕನಂತೂ ಮೆಲ್ಲಿಯ ಪಕ್ಕದಲ್ಲೇ ಕೂತು, ಮುಖ ನೋಡದೆ, ಕೈ ನಿಲ್ಲಿಸದೆ ಹೇಳಿದಳು:

"ಕತ್ತರಿ ಕೇಳೋಕೆ ಬಾಯಿ ಬರ್ಲಿಲ್ಲವಲ್ಲೇ ನಿಂಗೆ. ನಾನೇನು ಕಚ್ತಿದ್ನಾ?"

ಮೆಲ್ಲಿ ಮುಂದಿನ ಅಂಗಿ ಎತ್ತಿಕೊಂಡಳು.

ನೂರಹದಿನೇಳನೆಯದೋ ಹದಿನೆಂಟನೆಯದೋ ಅಂಗಿಯಲ್ಲಿ ಆಯಸ್ಕಾಂತ ಬಟ್ಟೆಯನ್ನು ಕಚ್ಚಿ ಹಿಡಿಯಿತು. ಹಿಡಿದದ್ದು ಕಾಲರ್ ಅಕ್ಕನ ಕೈಯಲ್ಲಿ. ಅವಳು ಕೂಗಲಿಲ್ಲ, ಮೇಡಂಗೆ ಅಂಗಿ ಚಾಚಿದಳು ಅಷ್ಟೆ. ತಾತ ಹೊಲಿಗೆ ಬಿಚ್ಚಿ, ಮೂಲೆಯನ್ನು ಬಿಳಿ ಕಾಗದದ ಮೇಲೆ ತಟ್ಟಿದ. ಚೂರು ಬಿತ್ತು. ಚಿಮಟದಲ್ಲಿ ಎತ್ತಿ ಚಾಕುವಿನ ಮುರುಕಿಗೆ ಹೊಂದಿಸಿದ, ಸರಿಯಾಗಿ ಕೂತಿತು. ಎಲ್ಲರೂ ಒಂದು ಸಲ ಬಗ್ಗಿ ನೋಡಿ ತಂತಮ್ಮ ಮೇಜಿಗೆ ಹೋದರು.

ಮುರಿದ ವಸ್ತುವಿನ ಎಲ್ಲ ತುಂಡುಗಳೂ ಪುಸ್ತಕಕ್ಕೆ ಸೇರಬೇಕು ಅನ್ನುವುದು ನಿಯಮ. ಅಂದ ಮೇಲೆ ಚೂರಿನ ಜೊತೆ ಚಾಕುವೂ. ತಾತ ಅದನ್ನು ಬಿಚ್ಚಿದ ಹಾಗೇ ಹಾಳೆಯ ಮೇಲಿಟ್ಟು ಅಡ್ಡಕ್ಕೂ ಉದ್ದಕ್ಕೂ ಟೇಪು ಎಳೆದ. ಯಂತ್ರದ ಸಂಖ್ಯೆ ಅನ್ನುವ ಅಂಕಣದ ಮೇಲೆ ಪೆನ್ನು ಹಿಡಿದು ಸ್ವಲ್ಪ ಹೊತ್ತು ಯೋಚಿಸಿ, ಕೈ ಅಂತ ಬರೆದ. ಮೆಲ್ಲಿ ಸಹಿ ಹಾಕಿದಳು. ಪುಸ್ತಕ ಮುಚ್ಚಲಿಲ್ಲ, ಮಧ್ಯದಲ್ಲಿ ಉಬ್ಬಿಕೊಂಡಿತು. ಸೂಜಿಗೆ ಅಂತ ಮಾಡಿದ ಪುಸ್ತಕ ಇದು ಅಂತ ತನ್ನಷ್ಟಕ್ಕೆ ಗೊಣಗಿ ಆತ ಅದರ ಮೇಲೆ ದಾರದ ಉಂಡೆಗಳ ಡಬ್ಬ ಇಟ್ಟ.

ಮೇಡಂ ಡ್ರಾಯರಿನಿಂದ ಚೀಟಿ ತೆಗೆದರು. ಅವರಿಗೂ ಸುಸ್ತಾಗಿತ್ತು, ಮೇಲಿನವರಿಗೆ ಅವರೇ ಹೋಗಿ ಉತ್ತರ ಹೇಳಬೇಕಿತ್ತು. ತರಬಾರದ್ದನ್ನು ತಂದಿದ್ದಕ್ಕೆ ಇವತ್ತೇ ಕಳಿಸಬಹುದಿತ್ತು, ಬಂದು ಹೇಳಿದ್ದರಿಂದ ಕಳಿಸುತ್ತಿಲ್ಲ, ಆದರೆ ಎಣಿಕೆ ಮೊದಲಿನಿಂದ ಅಂದರು. ಎಪ್ಪತ್ತೊಂಬತ್ತು ದಿನಗಳ ಮೇಲೆ ಗೆರೆ ಎಳೆದು ಕೆಳಗೆ ಅಂದಿನ ತಾರೀಕು ಬರೆದರು. ಮೆಲ್ಲಿ ಆಯ್ತು ಮೇಡಂ ಅಂದಳು. ಇಷ್ಟು ಜೋರಾಗಿ ಅಂದೆನೇ ಅಂತ ಅವಳಿಗೇ ಆಶ್ಚರ್ಯವಾಯಿತು, ಆಶ್ಚರ್ಯಪಡುವುದಕ್ಕೂ ಹೆಚ್ಚು ಶಕ್ತಿ ಉಳಿದಿರಲಿಲ್ಲ.

ಒಂದೂವರೆ ಗಂಟೆ ಹೆಚ್ಚಿಗೆ ಕೂತು ಎಲ್ಲರೂ ಹೊರಟರು. ಮನೆಯ ಮೆಟ್ಟಿಲು ಹನ್ನೆರಡೇ ಆದರೂ ಮೆಲ್ಲಿ ಆರನೆಯದರ ಮೇಲೆ ಒಮ್ಮೆ ಕೂತು ಎದ್ದಳು. ಅಮ್ಮ ಒಗೆದ ಬಟ್ಟೆಗಳನ್ನು ಮಡಿಲಲ್ಲಿಟ್ಟುಕೊಂಡು, ಅಂಚು ಯಾವುದು ಅಂತ ಬೆರಳಿನಿಂದ ಹುಡುಕುತ್ತ ಮಡಚುತ್ತಿದ್ದಳು. ಮೆಲ್ಲಿ ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಎಲ್ಲ ಹೇಳಿದಳು. ಚಾಕು ಹೋಯಿತು ಅಂದಳು, ಖಾಯಂ ಆಗುವುದು ಮುಂದೆ ಹೋಯಿತು ಅಂದಳು, ನಲವತ್ತು ಜನ ಬೈಯುತ್ತಾ ಮನೆಗೆ ಹೋದರು ಅಂದಳು.

"ಚೂರು ಸಿಕ್ತಾ?" ಅಂತ ಮಾತ್ರ ಕೇಳಿದಳು ಅಮ್ಮ.

"ಸಿಕ್ತು."

"ಪೂರ್ತಿ?"

"ಪೂರ್ತಿನೇ ಅಮ್ಮ. ತಾತ ಜೋಡಿಸಿ ನೋಡಿದ್ರು."

ಅಮ್ಮ ಮಡಚಿದ ಬಟ್ಟೆಯನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಎತ್ತಿಕೊಂಡಳು. "ಡಬ್ಬಿ ಖಾಲಿ ಸದ್ದು ಮಾಡ್ತಿಲ್ಲ, ಊಟ ಹಾಗೇ ವಾಪಸ್ ತಂದಿದೀಯಾ," ಅಂದಳು. "ಕೈಕಾಲು ತೊಳ್ಕೊ. ಬಿಸಿ ಮಾಡ್ತೀನಿ."