ಮೊದಲು ಒಳಗೆ, ಆಮೇಲೆ ಹಗ್ಗ

ಹಗ್ಗಕ್ಕೂ ಒಂದು ವಾಸನೆ ಇದೆ, ತೆಂಗಿನ ನಾರಿನದು, ಬೆಳಗಿನಿಂದ ಹಿಡಿದೆಳೆದವರೆಲ್ಲರ ಅಂಗೈ ಬೆವರಿನದು, ಥೇಟ್ ಕೊಟ್ಟಿಗೆಯ ಬಾಗಿಲಲ್ಲಿ ನಿಂತ ಹಾಗೆ, ಅದನ್ನು ಬಗಲಡಿಯಿಂದ ತಂದು ಹೆಗಲ ಮೇಲೆ ಹಾಯಿಸಿಕೊಂಡು ರೂಪಶ್ರೀ ಎಲ್ಲರಿಗಿಂತ ಹಿಂದೆ, ಹಗ್ಗದ ಬುಡಕ್ಕೆ ನಿಂತಿದ್ದಾಳೆ, ಕಣ್ಣ ಮುಂದೆ ಪ್ರಿಯಂವದಾಳ ಜಡೆ, ಅದರಾಚೆ ಅರಕಲಗೂಡು ತಾಲ್ಲೂಕಿನ ಉಳಿದ ಟೀಚರುಗಳು, ಅದರಾಚೆ ಹಗ್ಗದ ನಡುವಿಗೆ ಕಟ್ಟಿದ ಕೆಂಪು ಬಟ್ಟೆ, ಅದಕ್ಕೂ ಆಚೆ ಚನ್ನರಾಯಪಟ್ಟಣದವರು — ಹಾಸನದ ಸ್ಟೇಡಿಯಂ, ಸರ್ಕಾರಿ ನೌಕರರ ಕ್ರೀಡಾಕೂಟ, ಹೆಂಗಸರ ಹಗ್ಗಜಗ್ಗಾಟದ ಫೈನಲ್ಲು, ಅವರೊಂದು ಗೆದ್ದು ಇವರೊಂದು ಗೆದ್ದು ಉಳಿದಿರುವುದು ಈ ಒಂದೇ ಎಳೆತ. ಆ ಕಡೆಯ ಬುಡದಲ್ಲಿ ತೇಜಶ್ರೀ, ದಂಡಿಗನಹಳ್ಳಿಯವಳು, ರೂಪಶ್ರೀಯ ತವರೂರಿನ ಓರಗೆಯವಳು, ತವ್ರಿಗೇ ಎದ್ರು ನಿಂತಿದೀಯಲ್ಲೇ ರೂಪಾ, ನಾಚ್ಕೆ ಆಗಲ್ವಾ ಅಂತ ಆಗಲೇ ಕೂಗಿ ನಗಿಸಿದ್ದಾಳೆ, ನಾಚಿಕೆಯಂತೆ, ಅದರ ಸುದ್ದಿ ನಿನಗೇನು ಗೊತ್ತು ಮಾರಾಯ್ತಿ, ನಾಚಿಕೆ ಇರುವುದು ಈ ಬಿಳಿ ಪ್ಯಾಂಟಿನಲ್ಲಿ. ಬಿಳಿ ಯಾಕೆ ಬೇಕಿತ್ತು, ನೌಕರರ ಸಂಘದ ಅನಿಲ್‌ಕುಮಾರ್ ತಂಡಕ್ಕೆಲ್ಲ ಒಂದೇ ಥರ ತಂದುಕೊಟ್ಟು, ಫೋಟೋದಲ್ಲಿ ಬಿಳಿ ಎದ್ದು ಕಾಣುತ್ತೆ ಮೇಡಂ ಅಂದಿದ್ದ, ಕಾಣುತ್ತೆ ಮಹರಾಯ, ಒಂದು ಹನಿ ಬಿದ್ದರೂ ಕಾಣುತ್ತೆ, ಸ್ಟೇಡಿಯಂ ತುಂಬ ಕೂತಿರುವ ಜಿಲ್ಲೆಯ ನೌಕರರಿಗೆಲ್ಲ ಕಾಣುತ್ತೆ.

ಹನಿ ಅಂದರೆ ಸಣ್ಣ ಮಾತಲ್ಲ, ಎರಡನೆಯ ಹೆರಿಗೆಯಾದ ಮೇಲೆ ಶುರುವಾದದ್ದು, ಸೀನಿದರೆ ಒಂದಿಷ್ಟು, ನಕ್ಕರೆ ಒಂದಿಷ್ಟು, ನೀರಿನ ಕೊಡ ಎತ್ತಿದರೆ ಇನ್ನೊಂದಿಷ್ಟು ಸೋರುತ್ತದೆ, ಗಂಡ ಕಾಂತರಾಜುವಿಗೂ ಹೇಳಿರಲಿಲ್ಲ, ಬಾಯಿ ಬಿಟ್ಟರೆ ಬಣ್ಣಗೇಡು, ಬೀರುವಿನಲ್ಲಿದ್ದ ತಿಳಿಬಣ್ಣದ ಸೀರೆಗಳೆಲ್ಲ ತಂಗಿಯ ಪಾಲಾಗಿ ಕಡುನೀಲಿ, ಕಪ್ಪು, ಕಾಫಿಪುಡಿ ಬಣ್ಣದವಷ್ಟೇ ಉಳಿದವು, ಸ್ಟಾಫ್ ರೂಮಿನಲ್ಲಿ ಪ್ರಿಯಂವದಾ ಹೊಳೆನರಸೀಪುರದ ತನ್ನ ಅಜ್ಜಿಯ ಮಡಿಯ ಕಥೆ ಶುರುಮಾಡಿದರೆ ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ, ಇವಳೊಬ್ಬಳು ಎದ್ದು ಹೊರಗೆ ಹೋಗುತ್ತಾಳೆ, ರೂಪಾ ಮೇಡಂಗೆ ಬಿಗುಮಾನ ಅಂದುಕೊಂಡರು, ಅಂದುಕೊಳ್ಳಲಿ, ನಗುವಂತಿಲ್ಲದವಳಿಗೆ ಬಿಗುಮಾನವಾದರೂ ಇರಲಿ. ಆಮೇಲೆ ಆ ದಿನ — ರಾಮನಾಥಪುರದ ಸ್ಕೂಲಿನ ಬಯಲು, ಹುಡುಗಿಯರಿಗೆ ಖೋಖೋ ತೋರಿಸಿಕೊಡಲು ಹೋಗಿ ಒಂದೇ ಒಂದು ಸಲ ಜಿಗಿದದ್ದು, ಜಾರಿ ಕೂತದ್ದು, ಎದ್ದಾಗ ಸೀರೆಯ ಹಿಂಭಾಗಕ್ಕೆ ಕೆಮ್ಮಣ್ಣು ಕೆಸರಾಗಿ ಮೆತ್ತಿಕೊಂಡಿತ್ತು, ಬೇಸಿಗೆಯ ಒಣ ಬಯಲಿನಲ್ಲಿ ಕೆಸರು ಎಲ್ಲಿಂದ ಬರಬೇಕು, ಮಿಸ್, ಸೀರೆ ಹಿಂದ್ಗಡೆ ಒದ್ದೆ ಆಗೈತೆ ಅಂದಳು ಒಬ್ಬಳು, ಬಾಟಲಿ ಚೆಲ್ತು ಕಣೇ ಅಂದಳು ಇವಳು, ಅಂದವಳೇ ಬಾಟಲಿ ತೆಗೆದು ನಿಜಕ್ಕೂ ಮೈಮೇಲೆ ಚೆಲ್ಲಿಕೊಂಡಳು. ಅವತ್ತಿನಿಂದ ನೀರಿನ ಬಾಟಲಿಯಿಲ್ಲದೆ ಹೊಸಿಲು ದಾಟಿದವಳಲ್ಲ, ಕುಡಿಯುವುದಕ್ಕಲ್ಲ, ಚೆಲ್ಲಿಕೊಳ್ಳುವುದಕ್ಕೆ.

ಕುಡಿಯುವುದನ್ನಂತೂ ಬಿಟ್ಟೇ ಬಿಟ್ಟಿದ್ದಳು, ಬೆಳಗಿನ ಅರ್ಧ ಲೋಟ ಕಾಫಿ ಬಿಟ್ಟರೆ ಸಂಜೆ ಮನೆ ಸೇರುವವರೆಗೆ ಗುಟುಕು ನೀರಿಲ್ಲ, ಬೋರ್ಡಿನ ಮೇಲೆ ಮೂತ್ರಪಿಂಡದ ಚಿತ್ರ ಬರೆದು ಚೆನ್ನಾಗಿ ನೀರು ಕುಡೀರಿ ಮಕ್ಕಳೇ ಅನ್ನುವ ವಿಜ್ಞಾನದ ಟೀಚರು, ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ, ಹಾಗಾಯಿತು, ಉರಿಮೂತ್ರ ಹಿಡಿದು ಚಳಿಜ್ವರ ಬಂದು ಮಲಗಿದಾಗಲೇ ಹಾಸನದ ಡಾಕ್ಟರ ಹತ್ತಿರ ಹೊರಟದ್ದು, ಸೋರುವುದರ ಸುದ್ದಿ ಅತ್ತೆ ಚಿಕ್ಕಲಕ್ಷ್ಮಮ್ಮನ ಮುಂದೆ ಬಾಯಿ ತಪ್ಪಿ ಬಂದುಬಿಟ್ಟದ್ದೂ ಅವತ್ತೇ, ಅಯ್ಯೋ, ಎತ್ತೋರ್ಗೆಲ್ಲ ಇದ್ದುದ್ದೇ ಕಣವ್ವ, ಇದನ್ನೂ ಡಾಕ್ಟ್ರಿಗೇಳ್ತಾರಾ ಅಂದಿದ್ದರು ಅತ್ತೆ. ಹೇಳಬೇಕಾಗಿಯೇ ಬರಲಿಲ್ಲ, ಕೆಮ್ಮಿದಾಗ, ನಕ್ಕಾಗ ಸೋರುತ್ತಾ ಅಂತ ಡಾಕ್ಟರಮ್ಮನೇ ಕೇಳಿಬಿಟ್ಟರು, ಕಾಫಿ ಆಯ್ತಾ ಅಂತ ಕೇಳಿದಷ್ಟು ಸಲೀಸಾಗಿ, ರೂಪಶ್ರೀ ಹೂಂ ಅಂದದ್ದೇ ಕಣ್ಣು ತುಂಬಿತು, ಇದು ತುಂಬಾ ಜನಕ್ಕಿದೆ, ಆದ್ರೆ ಸಹಿಸ್ಕೊಂಡೇ ಇರ್ಬೇಕು ಅಂತ ಏನಿಲ್ಲ, ಉರಿಗೆ ಮಾತ್ರೆ ಕೊಡ್ತೀನಿ, ಸೋರೋದಕ್ಕೆ ವ್ಯಾಯಾಮ ಇದೆ ಅಂತ ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಫಿಜಿಯೋಥೆರಪಿಯ ತನ್ಮಯಿ, ಇವಳ ಹಳೇ ಶಿಷ್ಯೆಯರ ವಯಸ್ಸಿನವಳು, ಹೊಟ್ಟೆಯಡಿಯಲ್ಲಿ ಜೋಳಿಗೆ ಥರ ಒಂದು ಸ್ನಾಯು ಇರುತ್ತೆ ಮೇಡಂ, ಎಲ್ಲ ಅದರ ಮೇಲೇ ಕೂತಿರುತ್ತೆ, ಹೆರಿಗೇಲಿ ಸಡಿಲ ಆಗುತ್ತೆ, ಅದನ್ನ ಬಿಗಿ ಮಾಡ್ಬೇಕು, ಬಿಗಿ ಅಂದ್ರೆ ಹೆಂಗೆ ಅಂದ್ರೆ, ಮದುವೆ ಮನೆ ಪಂಕ್ತೀಲಿ ಕೂತಾಗ ಹೊಟ್ಟೇಲಿ ಗಾಳಿ ಎದ್ದರೆ ಹೊರಗೆ ಬಿಡದ ಹಾಗೆ ತಡ್ಕೋತೀವಲ್ಲ, ಅದೇ, ಆ ಬಿಗೀನ ಒಳಕ್ಕೆ ಮೇಲಕ್ಕೆ ಎತ್ತಿ ಹಿಡ್ದು, ಆಮೇಲೆ ಪೂರ್ತಿ ಸಡಿಲ ಬಿಡಿ, ಉಸಿರು ಮಾತ್ರ ಕಟ್ಟಬೇಡಿ, ನೀರು ಕುಡಿಯೋದು ನಿಲ್ಲಿಸಬೇಡಿ. ಭಾರ ಎತ್ತೋ ಮುಂಚೆ, ಸೀನೋ ಮುಂಚೆ, ಮೊದಲು ಒಳಗೆ ಬಿಗಿ, ಆಮೇಲೆ ಕೆಲಸ. ರೂಪಶ್ರೀ ನಕ್ಕಳು, ಮದುವೆ ಮನೆಯ ಪಂಕ್ತಿ ಕಣ್ಣಿಗೆ ಕಟ್ಟಿ ತಡೆಯಲಾರದೆ ನಕ್ಕಳು, ಅವತ್ತು ನಕ್ಕದ್ದಕ್ಕೂ ಒದ್ದೆಯಾಯಿತು.

ಒಂದೇ ವಾರಕ್ಕೆ ಗುಣವಾಗಲಿಲ್ಲ, ಒಂದು ತಿಂಗಳಾದರೂ ಇಲ್ಲ, ಮೀಟಿಂಗಿಗೆ ಹೋಗುವ ಅರಕಲಗೂಡಿನ ಬಸ್ಸಿನಲ್ಲಿ ಕೂತು ಬಿಗಿ, ಕಾಪಿ ತಿದ್ದುತ್ತಾ ಬಿಗಿ, ಕುಕ್ಕರು ಕೂಗುವವರೆಗೆ ಬಿಗಿ, ಮುಖ ಗಂಟಿಕ್ಕಿಕೊಂಡು ಉಸಿರು ಕಟ್ಟಿದ್ದನ್ನು ಕಂಡು ಮಕ್ಕಳು ಅಮ್ಮನಿಗೆ ಕೋಪ ಅಂತ ಹೆದರಿ ದೂರ ಹೋದವು, ಆಮೇಲೆ ನೆನಪಾಯಿತು, ಉಸಿರು ಕಟ್ಟಬಾರದು ಅಂದಿದ್ದಳಲ್ಲ ತನ್ಮಯಿ. ಒಂದು ದಿನ ಒಗ್ಗರಣೆಯ ಮೆಣಸಿನಕಾಯಿ ಘಾಟಿಗೆ ಸೀನು ಬಂತು, ಮನೆ ಹಾರಿಹೋಗುವಂಥ ಸೀನು, ಸೀನುವ ಮುಂಚೆ ಒಳಗಿನದು ತಾನಾಗಿ ಬಿಗಿಯಾಯಿತು, ಅಷ್ಟೇ, ಏನೂ ಆಗಲಿಲ್ಲ, ಏನೂ ಆಗದ್ದಕ್ಕೆ ಸೌಟು ಹಿಡಿದು ನಿಂತೇ ಇದ್ದಳು, ಒಗ್ಗರಣೆ ಸೀದು ಕರಿಯಾಯಿತು, ಯಾಕವ್ವ ಇಂಗ್ ನಿಂತ್ಬುಟ್ಟೆ ಅಂತ ಅತ್ತೆ ಬಂದರು, ನಿಂತ್ಹೋಯ್ತು ಅತ್ತೆ, ಸೀನಿದೆ, ಸೋರಲಿಲ್ಲ. ಅತ್ತೆ ಒಲೆ ಆರಿಸಿದರು, ಮೊರ ತಂದು ಕೆಳಗೆ ಕೂತು ಅವರೆಕಾಳು ಆರಿಸುತ್ತಾ ಕಾಳಿಗೇ ಹೇಳುವ ಹಾಗೆ ಹೇಳಿದರು, ನಂಗೂ ಐತೆ ಕಣವ್ವ, ನಿನ್ ಗಂಡ ಉಟ್ಟಿದ್ ಕಾಲ್ದಿಂದ್ಲೂ ಐತೆ, ಅಳೇ ಸೀರೆ ಅರ್ದು ಮಡಚಿಕ್ಕೊಂಡೇ ಕಾಲ ಆಕ್ದೆ. ಆಗ ಹೊಳೆಯಿತು ರೂಪಶ್ರೀಗೆ, ದಂಡಿಗನಹಳ್ಳಿಯಲ್ಲಾದ ಮಗನ ಮದುವೆಗೂ ಬರದ, ಮೊಮ್ಮಗಳ ನಾಮಕರಣಕ್ಕೂ ಬರದ, ಬಸ್ಸು ಅಂದರೆ ತಲೆ ತಿರುಗುತ್ತೆ ಅನ್ನುತ್ತಿದ್ದ ಅತ್ತೆಗೆ ತಲೆ ಎಂದೂ ತಿರುಗಿಯೇ ಇರಲಿಲ್ಲ, ಇಡೀ ಮನೆ ಈ ಮುದುಕಿಗೆ ಯಾರೂ ಬೇಡ ಅಂತ ಆಡಿಕೊಂಡಿತಲ್ಲ, ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು. ಅದೇನ್ ಬಿಗಿ ಮಾಡ್ತೀಯಲ್ಲ, ನಂಗೂ ಯೋಳ್ಕೊಡು ಅಂದರು ಅತ್ತೆ, ಮೊದಲು ಡಾಕ್ಟರಿಗೆ ತೋರಿಸಿಕೊಂಡು ಆಮೇಲೆ ಅತ್ತೆ ಸೊಸೆ ಅವರೆಕಾಳಿನ ಮುಂದೆ ಎದುರುಬದುರು ಕೂತರು, ಈ ಅತ್ತೆ ಸೊಸೆ ಹಲ್ಲು ಬಿಗಿಹಿಡಿದು ಜಗಳ ಕಾಯುತ್ತಿದ್ದಾರೆ ಅಂತ ಪಕ್ಕದ ಮನೆಯವರು ತಿಳಿದುಕೊಂಡರಂತೆ.

ಅದೋ ಅಲ್ಲಿ ಗ್ಯಾಲರಿಯಲ್ಲಿ ಅತ್ತೆ, ರಾಮನಾಥಪುರದಿಂದ ಬಸ್ಸಿನಲ್ಲಿ ಬಂದಿದ್ದಾರೆ, ಕಿಟಕಿ ಪಕ್ಕವೇ ಬೇಕು ಅಂತ ಹಟ ಹಿಡಿದು ದಾರಿಯುದ್ದಕ್ಕೂ ಹೊಲ ನೋಡಿಕೊಂಡು, ತಿಳಿಹಳದಿ ಸೀರೆ ಉಟ್ಟುಕೊಂಡು, ಎಳಿಯವ್ವ ರೂಪಾ, ಬಿಡ್ಬ್ಯಾಡ — ಇವಳ ನಾಲಿಗೆ ಒಣಗಿದೆ, ಗೆರೆಯ ಪಕ್ಕದಲ್ಲಿ ಬಾಟಲಿ ತುಂಬಿ ನಿಂತಿದೆ, ಇಟ್ಟುಕೋ, ಬೇಕಾಗಬಹುದು, ಬಿಳಿ ಪ್ಯಾಂಟು ಅನ್ನುತ್ತದೆ ಹಳೆಯ ಭಯ, ಎರಡು ಎಳೆತಕ್ಕೆ ತಡೆದದ್ದು ಮೂರನೆಯದಕ್ಕೆ ತಡೆದೀತಾ, ಸೀನು ಬೇರೆ, ಹಗ್ಗ ಬೇರೆ ಅನ್ನುತ್ತದೆ, ಹೌದು, ಬೇರೆ, ಬಗ್ಗಿ ಬಾಟಲಿ ತೆಗೆದು ಬಾಯಿಗೆ ಎತ್ತುತ್ತಾಳೆ, ಗಟಗಟ, ತಳ ಕಾಣುವವರೆಗೆ, ಇನ್ನು ಚೆಲ್ಲಿತು ಅನ್ನಲು ಒಂದು ಹನಿಯೂ ಇಲ್ಲ, ಖಾಲಿ ಬಾಟಲಿ ಉರುಳುತ್ತದೆ. ಸೀಟಿ ಬಾಯಿಗಿಡುತ್ತಾರೆ ರೆಫ್ರಿ, ಮೊದಲು ಒಳಗೆ, ಆಮೇಲೆ ಹಗ್ಗ, ಒಳಗೆ ಬಿಗಿ, ಮೇಲಕ್ಕೆ, ಸೀಟಿ — ಹಗ್ಗ ಹೆಗಲನ್ನು ಕಚ್ಚುತ್ತದೆ, ಪ್ರಿಯಂವದಾಳ ಜಡೆ ಮುಖಕ್ಕೆ ಬಡಿಯುತ್ತದೆ, ಕೆಂಪು ಬಟ್ಟೆ ಅವರ ಕಡೆಗೆ ಹೋಗುತ್ತದೆ, ಹೋಗುತ್ತಲೇ ಇದೆ, ತೇಜಶ್ರೀ ಅಂದರೆ ಸಾಮಾನ್ಯಳೇ, ಬಾವಿಯಿಂದ ನೀರು ಸೇದಿ ಬೆಳೆದ ಕೈ, ಇದೂ ಅದೇ ಊರಿನ ಬಾವಿಯ ಕೈಯೇ ಕಣೇ, ಉಸಿರು ಕಟ್ಟಬೇಡ, ಬಿಡು, ಉಸಿರು ಬಿಡುತ್ತಾ ಎಳಿ, ಹಿಮ್ಮಡಿ ಮಣ್ಣಿಗೆ ಇಳಿಯಿತು, ಬಟ್ಟೆ ನಿಂತಿತು, ಅಲುಗಿತು, ಈ ಕಡೆಗೆ, ಇನ್ನೊಂದು ಹೆಜ್ಜೆ, ಐಸಾ, ಇನ್ನೊಂದು, ಐಸಾ, ಮೈಯೊಳಗೆ ಇಷ್ಟು ಬಲ ಎಲ್ಲಿ ಅಡಗಿತ್ತು, ಇಷ್ಟು ವರ್ಷ ಕಾಲು ಜೋಡಿಸಿಕೊಂಡು ಕೂತ ಮೈಯಲ್ಲಿ, ಎದುರಿನವರ ಕಾಲು ನೆಲದಿಂದ ಕಿತ್ತುಬಂತು, ಎಲ್ಲ ಒಟ್ಟಿಗೆ ಬಂತು, ಹಗ್ಗವೂ ಕೂಗೂ ಆಕಾಶವೂ, ಇವಳು ಮಣ್ಣಿನ ಮೇಲೆ ದಬ್ಬನೆ ಕೂತಳು, ಕೂತವಳ ಮೇಲೆ ಪ್ರಿಯಂವದಾ ಬಿದ್ದಳು, ಗೆದ್ವು ಕಣ್ರೀ, ನಮ್ಮಜ್ಜಿ ಮಡಿ ಎಲ್ಲಾ ಕೆಡ್ತು ಅನ್ನುತ್ತಾಳೆ, ರೂಪಶ್ರೀ ನಗುತ್ತಾಳೆ, ಬಾಯಿ ತೆರೆದು, ಕಾಲು ಚಾಚಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾಳೆ, ಗ್ಯಾಲರಿಯಲ್ಲಿ ಅತ್ತೆ ಎದ್ದು ನಿಂತು ಸೆರಗು ಬೀಸುತ್ತಿದ್ದಾರೆ, ಏಳು ರೂಪಾ, ಏಳು, ನೋಡು, ಏಳುತ್ತಾಳೆ, ಕೈ ಹಳೆಯ ಅಭ್ಯಾಸಕ್ಕೆ ತಾನಾಗಿ ಹಿಂದಕ್ಕೆ ಹೋಗುತ್ತದೆ, ಬಿಳಿ ಪ್ಯಾಂಟನ್ನು ಒಮ್ಮೆ ಕೊಡವುತ್ತಾಳೆ, ಬಿಸಿಲಿನಲ್ಲಿ ಕೆಂಪಗೆ ಧೂಳು ಹಾರುತ್ತದೆ, ಇನ್ನೊಮ್ಮೆ ಕೊಡವುತ್ತಾಳೆ, ಇನ್ನೂ ಹಾರುತ್ತದೆ, ಕೆಸರಲ್ಲ, ಧೂಳು, ಒಣ ಧೂಳು, ಮತ್ತೆ ಕೊಡವುತ್ತಾಳೆ, ಧೂಳು —